ಎಪ್ಪತ್ತು ಜೊತೆ ಬೂಟುಗಳ ಬಾಕಿ

ಚರಿತ್ರೆಯ ಪಠ್ಯಪುಸ್ತಕದಲ್ಲಿ ದಂಗೆಗಳಿಗೆ ಸಿಗುವ ಜಾಗ ಬಹಳ ಕಡಿಮೆ. ದಂಗೆ ಶುರುವಾದ ವರ್ಷ, ಕೊನೆಯ ಕದನ ನಡೆದ ಊರು, ಸೋತವರಿಗೆ ಆದ ಶಿಕ್ಷೆ. ಐದು ಅಂಕದ ಪ್ರಶ್ನೆಗೆ ಉತ್ತರ ಬರೆಯಲು ಅಷ್ಟು ಸಾಕು. ಆದರೆ ಶಿಕ್ಷೆಗೆ ಗುರಿಯಾದವನಿಗೂ ಒಂದು ಮನೆಯಿತ್ತು, ಹೆಂಡತಿ ಮಕ್ಕಳಿದ್ದರು, ಕೊಡಬೇಕಾದವರ ಪಟ್ಟಿಯೊಂದಿತ್ತು ಎಂಬುದು ಆ ಸಾಲುಗಳಲ್ಲಿ ಕಾಣಿಸುವುದಿಲ್ಲ.

1746ರ ಆಗಸ್ಟ್ ತಿಂಗಳಲ್ಲಿ, ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆಯಾಗಿದ್ದ ಸ್ಕಾಟ್ಲೆಂಡಿನ ಸರದಾರನೊಬ್ಬ, ಊರಿನಲ್ಲಿ ತನ್ನ ಜಮೀನಿನ ವ್ಯವಹಾರ ನೋಡಿಕೊಳ್ಳುತ್ತಿದ್ದವನಿಗೆ ಒಂದು ಪತ್ರ ಬರೆದ. ಇನ್ನು ಕೆಲವೇ ದಿನಗಳಲ್ಲಿ ತನ್ನ ಶಿರಚ್ಛೇದವಾಗಲಿದೆ ಎಂದು ಅವನಿಗೆ ಗೊತ್ತಿತ್ತು. ಅಂಥವನ ಪತ್ರದಲ್ಲಿ ಶತ್ರುಗಳ ಮೇಲಿನ ಸಿಟ್ಟು ಇರಬಹುದು, ರಾಜಕಾರಣ ಇರಬಹುದು ಎಂದು ನಾವು ಊಹಿಸುತ್ತೇವೆ. ಈ ಪತ್ರದಲ್ಲಿ ಇರುವುದು ಬೂಟಿನ ಲೆಕ್ಕ. ಎಲ್ಗಿನ್ ಎಂಬ ಊರಿನಲ್ಲಿ ತನ್ನ ಸೈನಿಕರಿಗಾಗಿ ಸುಮಾರು 70 ಜೊತೆ ಪಾದರಕ್ಷೆ ಮಾಡಿಸಿದ್ದೆ, ಜೊತೆಗೆ ಮೂರು, ಮೂರೂವರೆ ಷಿಲಿಂಗ್ ಆಗಬಹುದು, ಹೊಲಿದುಕೊಟ್ಟ ಬಡವರಿಗೆ ಆ ಹಣ ಸೇರಿಲ್ಲವೆಂದು ಕೇಳಿದ್ದೇನೆ, ವಿಚಾರಿಸಿ ನೋಡಿ, ಸೇರಿಲ್ಲದಿದ್ದರೆ ನನ್ನ ಹೆಂಡತಿಯೋ ವಾರಸುದಾರರೋ ಕೈಲಾದಾಗ ತೀರಿಸಲಿ ಎಂಬುದು ಅದರ ಸಾರ.

ಆ ಸರದಾರನ ಹೆಸರು ವಿಲಿಯಂ ಬಾಯ್ಡ್. ಕಿಲ್ಮಾರ್ನಾಕಿನ ನಾಲ್ಕನೆಯ ಅರ್ಲ್. ಅರ್ಲ್ ಎಂದರೆ ಬ್ರಿಟನ್ನಿನ ಶ್ರೀಮಂತ ಮನೆತನಗಳಿಗಿದ್ದ ಒಂದು ಪದವಿ, ತಂದೆಯಿಂದ ಮಗನಿಗೆ ಬರುವಂಥದು. ಈ ಅರ್ಲನ ಕಥೆಯಲ್ಲಿ ವೀರಾವೇಶ ಕಡಿಮೆ. ಸಾಲ, ಹಸಿವು, ಒಂದು ಸುಳ್ಳು, ಎರಡು ಪಕ್ಷಗಳಾಗಿ ಹೋದ ಮಕ್ಕಳು, ಇವೇ ಹೆಚ್ಚು. ಅದಕ್ಕೇ ಅದು ನಮ್ಮ ಮನೆಗಳಿಗೆ ಹತ್ತಿರವಾಗಿ ಕಾಣುತ್ತದೆ.

ಸಿಂಹಾಸನಕ್ಕಾಗಿ ಜಗಳ

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಸ್ಕಾಟ್ಲೆಂಡನ್ನು ಆಳುತ್ತಿದ್ದ ಸ್ಟುವರ್ಟ್ ಮನೆತನದ ದೊರೆ ಜೇಮ್ಸನಿಗೆ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ದಕ್ಕಿತು. ಅವನ ಮೊಮ್ಮಗ ಎರಡನೆಯ ಜೇಮ್ಸ್ ಕ್ಯಾಥೊಲಿಕ್ ಪಂಥದವನು. ಪ್ರಾಟೆಸ್ಟೆಂಟರೇ ಹೆಚ್ಚಾಗಿದ್ದ ಇಂಗ್ಲೆಂಡಿನಲ್ಲಿ ಅವನಿಗೆ ವಿರೋಧ ಎದ್ದು, 1688ರಲ್ಲಿ ದೇಶ ಬಿಟ್ಟು ಫ್ರಾನ್ಸಿಗೆ ಓಡಬೇಕಾಯಿತು. 1707ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಸಂಸತ್ತುಗಳು ಒಂದಾದವು. 1714ರಲ್ಲಿ ಜರ್ಮನಿಯ ಹ್ಯಾನೊವರ್ ಮನೆತನದ ಜಾರ್ಜ್ ಬ್ರಿಟನ್ನಿನ ರಾಜನಾದ.

ಓಡಿಹೋದ ಜೇಮ್ಸನ ಸಂತತಿಯೇ ನಿಜವಾದ ಹಕ್ಕುದಾರರೆಂದು ನಂಬಿದವರು ಮಾತ್ರ ಸುಮ್ಮನಾಗಲಿಲ್ಲ. ಜೇಮ್ಸ್ ಎಂಬ ಹೆಸರಿನ ಲ್ಯಾಟಿನ್ ರೂಪ ಜಾಕೊಬಸ್. ಅದರಿಂದ ಅವರಿಗೆ ಜಾಕೊಬೈಟರು ಎಂದು ಹೆಸರಾಯಿತು. 1715ರಲ್ಲಿ ಅವರು ಎಬ್ಬಿಸಿದ ದಂಗೆ ಸೋತಿತು. ಮೂವತ್ತು ವರ್ಷಗಳ ಬಳಿಕ, 1745ರಲ್ಲಿ, ಎರಡನೆಯ ಜೇಮ್ಸನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಬೆರಳೆಣಿಕೆಯ ಸಂಗಡಿಗರೊಡನೆ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಬಂದಿಳಿದ. ಆಗ ಅವನಿಗೆ 24 ವರ್ಷ. ಆಗಸ್ಟ್ 19ರಂದು ಗ್ಲೆನ್‌ಫಿನನ್ ಎಂಬಲ್ಲಿ ತಂದೆಯ ಹೆಸರಿನಲ್ಲಿ ಬಾವುಟ ಏರಿಸಿದ. ಬೆಟ್ಟಸೀಮೆಯ ಕುಲಗಳು ಅವನ ಸುತ್ತ ಸೇರಿದವು. ಸೆಪ್ಟೆಂಬರ್ ತಿಂಗಳಲ್ಲಿ ರಾಜಧಾನಿ ಎಡಿನ್‌ಬರೋ ಅವನ ವಶವಾಯಿತು, ಪ್ರೆಸ್ಟನ್‌ಪ್ಯಾನ್ಸ್ ಕದನದಲ್ಲಿ ಸರ್ಕಾರದ ಸೈನ್ಯ ಚದುರಿಹೋಯಿತು.

ಈ ಗೆಲುವಿನ ನಂತರವೇ ಕಿಲ್ಮಾರ್ನಾಕಿನ ಅರ್ಲ್ ರಾಜಕುಮಾರನ ಪಕ್ಷಕ್ಕೆ ಬಂದ. ಅವನನ್ನು ಬಲ್ಲವರಿಗೆ ಇದು ಅಚ್ಚರಿಯ ಸುದ್ದಿ. ಏಕೆಂದರೆ ಬಾಯ್ಡ್ ಮನೆತನ ಹ್ಯಾನೊವರ್ ದೊರೆಗಳ ಪರವಾಗಿದ್ದ ಮನೆತನ. 1715ರ ದಂಗೆಯಲ್ಲಿ ವಿಲಿಯಮನ ತಂದೆ ಸರ್ಕಾರದ ಪರವಾಗಿ ಜನ ಸೇರಿಸಿ ನಿಂತವನು. ಹಾಗಾದರೆ ಮಗ ಬಂಡಾಯಗಾರನಾದದ್ದು ಹೇಗೆ?

ಹೆಸರು ದೊಡ್ಡದು, ಗಂಟು ಚಿಕ್ಕದು

ಸ್ಕಾಟ್ಲೆಂಡಿನ ನೈಋತ್ಯ ಭಾಗದಲ್ಲಿರುವ ಏರ್‌ಶೈರ್ ಸೀಮೆಯಲ್ಲಿ ಕಿಲ್ಮಾರ್ನಾಕ್ ಪಟ್ಟಣವಿದೆ. ಅಲ್ಲಿಯ ಜಮೀನು ಬಾಯ್ಡರಿಗೆ ಹದಿನಾಲ್ಕನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ದೊರೆಯಿಂದ ಬಂದದ್ದು. ಪಟ್ಟಣದ ಮಗ್ಗುಲಲ್ಲಿದ್ದ ಡೀನ್ ಕೋಟೆ ಅವರ ಮನೆ. 1705ರಲ್ಲಿ ಹುಟ್ಟಿದ ವಿಲಿಯಂ 1717ರಲ್ಲಿ ತಂದೆಯನ್ನು ಕಳೆದುಕೊಂಡಾಗ ಇನ್ನೂ ಹನ್ನೆರಡರ ಹುಡುಗ. ಆ ವಯಸ್ಸಿಗೇ ಪದವಿ ಬಂತು, ಜಮೀನು ಬಂತು, ಜಮೀನಿನ ಮೇಲಿದ್ದ ಸಾಲವೂ ಬಂತು. ತಿದ್ದಿ ಹೇಳುವ ತಂದೆ ಇರಲಿಲ್ಲ. ನೋಡಲು ಸುಂದರ, ಮಾತು ನಯ, ನಾಲ್ಕು ಜನರ ನಡುವೆ ಎದ್ದು ಕಾಣುವ ವ್ಯಕ್ತಿತ್ವ. ಹಣದ ವಿಷಯದಲ್ಲಿ ಮಾತ್ರ ಹಿಡಿತವಿಲ್ಲ.

1724ರಲ್ಲಿ ವಿಲಿಯಂ ಲೇಡಿ ಆ್ಯನ್ ಲಿವಿಂಗ್‌ಸ್ಟನ್‌ಳನ್ನು ಮದುವೆಯಾದ. ಆಕೆಯ ತಂದೆ ಲಿನ್‌ಲಿತ್‌ಗೋವಿನ ಅರ್ಲ್. ಆತ 1715ರ ದಂಗೆಯಲ್ಲಿ ಜಾಕೊಬೈಟರ ಕಡೆ ಸೇರಿ ಪದವಿ, ಆಸ್ತಿ ಎರಡನ್ನೂ ಕಳೆದುಕೊಂಡು ರೋಮ್ ನಗರದಲ್ಲಿ ತೀರಿಕೊಂಡಿದ್ದ. ಅಂದರೆ ಒಂದೇ ದಂಗೆಯಲ್ಲಿ ಗಂಡನ ಮನೆ ಒಂದು ಕಡೆ, ಹೆಂಡತಿಯ ತವರು ಇನ್ನೊಂದು ಕಡೆ. ಫಾಲ್ಕರ್ಕ್ ಊರಿನ ಬಳಿ ಆ್ಯನಳ ತವರಿನ ದೊಡ್ಡ ಮನೆಯಿತ್ತು. ಅದರ ಹೆಸರು ಕ್ಯಾಲೆಂಡರ್ ಹೌಸ್. ಸರ್ಕಾರ ಮುಟ್ಟುಗೋಲು ಹಾಕಿದ ಆ ಆಸ್ತಿಯನ್ನು ಲಂಡನ್ನಿನ ಯಾರ್ಕ್ ಬಿಲ್ಡಿಂಗ್ಸ್ ಕಂಪನಿ ಕೊಂಡಿತ್ತು. ಹುಟ್ಟಿದ ಮನೆಯಲ್ಲೇ ಆ್ಯನ್ ಗುತ್ತಿಗೆ ಹಣ ಕೊಟ್ಟು ವಾಸಿಸಬೇಕಾಯಿತು.

1735ರಲ್ಲಿ ಇನ್ನೊಂದು ಪೆಟ್ಟು. ಡೀನ್ ಕೋಟೆಯಲ್ಲಿ ಆಕಸ್ಮಿಕವಾಗಿ ಬೆಂಕಿ ಬಿದ್ದು, ಬಾಯ್ಡರ ಪೂರ್ವಜರ ಮನೆ ಸುಟ್ಟು ಗೋಡೆಗಳಷ್ಟೇ ಉಳಿದವು. ಮತ್ತೆ ಕಟ್ಟಿಸುವ ಶಕ್ತಿ ಅರ್ಲನಿಗಿರಲಿಲ್ಲ. ಪ್ರಧಾನಿ ರಾಬರ್ಟ್ ವಾಲ್‌ಪೋಲ್ ಕಾಲದಲ್ಲಿ ಸರ್ಕಾರದಿಂದ ಅವನಿಗೆ ಪಿಂಚಣಿ ಬರುತ್ತಿತ್ತು. ವಾಲ್‌ಪೋಲ್ 1742ರಲ್ಲಿ ಅಧಿಕಾರ ಬಿಟ್ಟ ಮೇಲೆ ಬಂದ ಲಾರ್ಡ್ ವಿಲ್ಮಿಂಗ್ಟನ್ ಅದನ್ನೂ ನಿಲ್ಲಿಸಿದ. ಹಳೆಯ ಪ್ರಧಾನಿಯ ಮಗ ಹೊರೇಸ್ ವಾಲ್‌ಪೋಲ್ ತನ್ನ ಪತ್ರವೊಂದರಲ್ಲಿ ಬರೆದಿರುವ ಸಂಗತಿ ಮನಕಲಕುವಂಥದು. ಲಂಡನ್ನಿನಲ್ಲಿ ಟೆನಿಸ್ ಅಂಗಳದವನೊಬ್ಬನಿದ್ದ. ತಾನು ಕರೆದಿದ್ದರೆ ಆ ಅರ್ಲ್ ಎಷ್ಟೋ ದಿನ ತನ್ನ ಮನೆಗೆ ಊಟಕ್ಕೆ ಸಂತೋಷದಿಂದ ಬರುತ್ತಿದ್ದ ಎಂದು ಅವನು ಹೇಳಿದನಂತೆ. ಹೆಸರಿನ ಹಿಂದೆ ನಾಲ್ಕು ಶತಮಾನಗಳ ಮನೆತನ. ಹೊತ್ತಿನ ಊಟಕ್ಕೆ ತತ್ವಾರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಬಡವರಿಗಷ್ಟೇ ಅಲ್ಲ. ದೊಡ್ಡ ಮನೆತನದವರಿಗೆ ಅದನ್ನು ಪಾಲಿಸುವುದು ಇನ್ನೂ ಕಷ್ಟ, ಏಕೆಂದರೆ ಹಾಸಿಗೆ ಚಿಕ್ಕದಾದದ್ದು ಊರಿಗೆ ಕಾಣಬಾರದಲ್ಲ!

ಕ್ಯಾಲೆಂಡರ್ ಹೌಸಿಗೆ ಬಂದ ಅತಿಥಿ

1745ರ ಸೆಪ್ಟೆಂಬರ್ ಮಧ್ಯದಲ್ಲಿ ಎಡಿನ್‌ಬರೋ ಕಡೆಗೆ ಹೊರಟಿದ್ದ ರಾಜಕುಮಾರ ಚಾರ್ಲ್ಸ್ ಒಂದು ರಾತ್ರಿ ಕ್ಯಾಲೆಂಡರ್ ಹೌಸಿನಲ್ಲಿ ತಂಗಿದ. ಆತಿಥ್ಯ ನೀಡಿದವನು ಕಿಲ್ಮಾರ್ನಾಕಿನ ಅರ್ಲ್. ಅನಂತರದ ವಾರಗಳಲ್ಲಿ ಆತ ರಾಜಕುಮಾರನ ಸೈನ್ಯಕ್ಕೆ ಸೇರಿ, ಅಶ್ವದಳವೊಂದರ ನಾಯಕನಾದ. ಹೆಂಡತಿಯ ತವರಿನ ಪ್ರಭಾವವೇ ಇದಕ್ಕೆ ಕಾರಣ ಎಂದು ಆಡಿಕೊಂಡವರಿದ್ದರು. ಯಾವ ದೊರೆ ಗೆದ್ದರೂ ನನಗೇನು, ನಾನು ಹಸಿದಿದ್ದೆ, ಅನ್ನ ಬೇಕಿತ್ತು ಎಂದು ಅವನೇ ಒಬ್ಬರಲ್ಲಿ ಹೇಳಿದನೆಂಬ ಮಾತೂ ಆ ಕಾಲದಲ್ಲಿ ಹರಡಿತ್ತು.

ಸೆರೆಮನೆಯಲ್ಲಿ ಅವನ ಕೊನೆಯ ದಿನಗಳ ಜೊತೆಗಾರನಾಗಿದ್ದ ಪಾದ್ರಿ ಜೇಮ್ಸ್ ಫಾಸ್ಟರ್ ಆಮೇಲೆ ಪ್ರಕಟಿಸಿದ ವೃತ್ತಾಂತದಲ್ಲಿ ಅರ್ಲನ ಉತ್ತರ ಸ್ಪಷ್ಟವಾಗಿದೆ. ಎಲ್ಲಕ್ಕೂ ಮೂಲ ತನ್ನ ಎಚ್ಚರವಿಲ್ಲದ, ಲಂಗುಲಗಾಮಿಲ್ಲದ ಜೀವನ. ಅದರಿಂದ ತೊಡಕು ಬೆಳೆಯಿತು. ದಂಗೆ ಗೆದ್ದರೆ ತನ್ನ ಸ್ಥಿತಿ ಸುಧಾರಿಸಬಹುದೆಂಬ ಆಸೆ ಹುಟ್ಟಿತು. ಅರ್ಲ್ ಹೀಗೆ ಹೇಳುವಾಗ ಹೆಂಡತಿಯ ಮೇಲೆ ತಪ್ಪು ಹೊರಿಸಲಿಲ್ಲ, ಪಿಂಚಣಿ ನಿಲ್ಲಿಸಿದ ಮಂತ್ರಿಯ ಮೇಲೂ ಹೊರಿಸಲಿಲ್ಲ.

ಅವನ ಸ್ವಂತ ಊರಿನ ಜನ ಅವನ ಹಿಂದೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಕಿಲ್ಮಾರ್ನಾಕಿನ ನೇಕಾರರು, ಕಸುಬುದಾರರು ಸರ್ಕಾರದ ಪಕ್ಷದಲ್ಲೇ ಉಳಿದರು. ಒಡೆಯ ಕರೆದ ಮಾತ್ರಕ್ಕೆ ಊರು ಹೊರಡುವ ಕಾಲ ಆ ಭಾಗದಲ್ಲಿ ಆಗಲೇ ಮುಗಿದಿತ್ತು.

ರಾಜಕುಮಾರನ ಸೈನ್ಯ ಇಂಗ್ಲೆಂಡಿನೊಳಕ್ಕೆ ನುಗ್ಗಿ ಡಿಸೆಂಬರ್ ಆರಂಭದಲ್ಲಿ ಡರ್ಬಿ ಪಟ್ಟಣ ಮುಟ್ಟಿತು. ಲಂಡನ್ ಅಲ್ಲಿಂದ ಸುಮಾರು 200 ಕಿಲೋಮೀಟರು. ಆದರೆ ಇಂಗ್ಲಿಷ್ ಬೆಂಬಲಿಗರು ಏಳಲಿಲ್ಲ, ಫ್ರಾನ್ಸಿನಿಂದ ನಿರೀಕ್ಷಿಸಿದ್ದ ಸೈನ್ಯ ಬರಲಿಲ್ಲ. ಸೈನ್ಯ ಹಿಂತಿರುಗಿತು. 1746ರ ಜನವರಿ 17ರಂದು ಫಾಲ್ಕರ್ಕಿನಲ್ಲಿ ಕದನ. ಅಂದು ಸರ್ಕಾರದ ಸೇನಾಪತಿ ಹಾಲಿಗೆ ಲೇಡಿ ಆ್ಯನ್ ಕ್ಯಾಲೆಂಡರ್ ಹೌಸಿನಲ್ಲಿ ಔತಣ ಕೊಟ್ಟು ಹೊತ್ತು ಕಳೆಯುವಂತೆ ಮಾಡಿದಳೆಂದೂ, ಕದನ ಆರಂಭವಾಗುವಾಗ ಆತ ಬರಿದಲೆಯಲ್ಲಿ ಕುದುರೆ ಓಡಿಸಿಕೊಂಡು ಬಂದನೆಂದೂ ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಜಾಕೊಬೈಟರು ಅಂದು ಗೆದ್ದರು. ಅದೇ ಅವರ ಕೊನೆಯ ದೊಡ್ಡ ಗೆಲುವು.

ಕುದುರೆ ಇಲ್ಲದ ಸವಾರರು

ಗೆದ್ದರೂ ಅವರು ಉತ್ತರಕ್ಕೆ ಸರಿಯುತ್ತ ಹೋದರು. ಫೆಬ್ರವರಿಯಲ್ಲಿ ಫ್ರಾನ್ಸಿನಿಂದ ಫಿಟ್ಜ್‌ಜೇಮ್ಸ್ ಅಶ್ವದಳದ ಒಂದು ಭಾಗ ಬಂದಿಳಿಯಿತು. ಸವಾರರು ಬಂದರು, ಕುದುರೆಗಳು ಬರಲಿಲ್ಲ. ಕಿಲ್ಮಾರ್ನಾಕಿನ ದಳದ ಕುದುರೆಗಳನ್ನು ಅವರಿಗೆ ಕೊಟ್ಟು, ಅರ್ಲನ ಸವಾರರನ್ನು ಕಾಲಾಳುಗಳನ್ನಾಗಿ ಮಾಡಲಾಯಿತು. ನಡೆಯುವ ಸೈನ್ಯಕ್ಕೆ ಮೊದಲು ಬೇಕಾದದ್ದು ಕಾಲಿಗೆ ಜೋಡು.

ಎಲ್ಗಿನ್‌ನಲ್ಲಿ ಬಿಡಾರ ಮಾಡಿದ್ದಾಗ ಅರ್ಲ್ ಬೂಟುಗಳಿಗೆ ಹೇಳಿದ. ಊರಿನ ಅಧಿಕಾರಿಗಳು ಆ ಕೆಲಸವನ್ನು ಊರು ಮತ್ತು ಸುತ್ತಲಿನ ಹಳ್ಳಿಗಳ ಬೂಟು ಹೊಲಿಯುವವರಿಗೆ ಹಂಚಿದರು. ಒಬ್ಬೊಬ್ಬರೂ ತಮ್ಮ ಪಾಲಿನ ಜೋಡು ಹೊಲಿದು ಕೊಟ್ಟರು. ದಂಗೆಯ ಸೈನ್ಯ ಊರಿನ ಮೇಲೆ ಹೇರಿದ್ದ ಹಣದಲ್ಲಿ ಇದರ ಬೆಲೆ ಮುರಿದುಕೊಳ್ಳಬೇಕೆಂದು ಏರ್ಪಾಡು. ಮುಂದೆ ಇನ್ವರ್ನೆಸ್‌ಗೆ ಹೋದಾಗ ಆ ಹಣ ಬೇರೆಯದಕ್ಕೆ ಖರ್ಚಾಗಿ, ಹೊಲಿದವರಿಗೆ ಏನೂ ದಕ್ಕಿಲ್ಲವೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಒಟ್ಟು ಲೆಕ್ಕ ಹಾಕಿದರೆ ಹತ್ತರಿಂದ ಹನ್ನೆರಡು ಪೌಂಡು. ಅರ್ಲನ ಉಳಿದ ಸಾಲಗಳ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಹೊಲಿದವನ ಮನೆಯಲ್ಲಿ ಮಾತ್ರ ಅದಕ್ಕೆ ಬೇರೆಯದೇ ತೂಕ.

ಮಗನ ಟೋಪಿ

1746ರ ಏಪ್ರಿಲ್ 16. ಇನ್ವರ್ನೆಸ್ ಬಳಿಯ ಕಲೊಡನ್ ಬಯಲು. ಹಸಿದು, ಹಿಂದಿನ ರಾತ್ರಿಯೆಲ್ಲ ನಡೆದು ದಣಿದಿದ್ದ ಜಾಕೊಬೈಟ್ ಸೈನ್ಯವನ್ನು ಎರಡನೆಯ ಜಾರ್ಜ್ ದೊರೆಯ ಮಗ ಕಂಬರ್ಲೆಂಡಿನ ಡ್ಯೂಕ್ ಎದುರಿಸಿದ. ಕದನ ಒಂದು ಗಂಟೆಯೂ ನಡೆಯಲಿಲ್ಲ. ಸುಮಾರು 1500 ಮಂದಿ ಜಾಕೊಬೈಟರು ಸತ್ತರು. ದಂಗೆ ಅಲ್ಲಿಗೆ ಮುಗಿಯಿತು.

ಗೊಂದಲದ ನಡುವೆ ಕಿಲ್ಮಾರ್ನಾಕ್ ಎದುರಿಗೆ ಕಂಡ ಕುದುರೆ ಸವಾರರ ಕಡೆ ನಡೆದ. ಅವರು ಫಿಟ್ಜ್‌ಜೇಮ್ಸ್ ದಳದವರು, ತನ್ನವರು ಎಂದು ಅವನ ಎಣಿಕೆ. ಅವರು ಸರ್ಕಾರದ ಸವಾರರಾಗಿದ್ದರು. ಅರ್ಲ್ ಸೆರೆಸಿಕ್ಕ.

ಆ ದಿನ ಬಾಯ್ಡ್ ಮನೆಯವರು ಎರಡೂ ಸೈನ್ಯಗಳಲ್ಲಿ ಇದ್ದರು. ಇಪ್ಪತ್ತರ ಹರೆಯದ ಹಿರಿಯ ಮಗ ಜೇಮ್ಸ್ ಸರ್ಕಾರದ ಸೈನ್ಯದಲ್ಲಿ ಅಧಿಕಾರಿ. ಎರಡನೆಯ ಮಗ ಚಾರ್ಲ್ಸ್ ತಂದೆಯೊಡನೆ ದಂಗೆಯ ಪಕ್ಷದಲ್ಲಿ. ಮೂರನೆಯವನು ವಿಲಿಯಂ, ದೊರೆಯ ನೌಕಾಪಡೆಯಲ್ಲಿ ಸೇವೆಯಲ್ಲಿದ್ದ. ಸೆರೆಸಿಕ್ಕ ಅರ್ಲನನ್ನು ಗೆದ್ದ ಸೈನ್ಯದ ಸಾಲುಗಳ ಮುಂದೆ ನಡೆಸಿಕೊಂಡು ಹೋಗುವಾಗ ಅವನ ಟೋಪಿ ಎಲ್ಲೋ ಬಿದ್ದುಹೋಗಿತ್ತು, ತಲೆಗೂದಲು ಮುಖದ ಮೇಲೆ ಚೆದುರಿತ್ತು. ಅದನ್ನು ಕಂಡ ಜೇಮ್ಸ್ ಸಾಲು ಬಿಟ್ಟು ಮುಂದೆ ಬಂದು, ತನ್ನ ಟೋಪಿ ತೆಗೆದು ತಂದೆಯ ತಲೆಗಿಟ್ಟ, ಒಂದೂ ಮಾತಾಡದೆ ಹಿಂದಿರುಗಿದ ಎಂದು ಹೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ಕಲೊಡನ್ನಿನ ಕಥೆ ಹೇಳುವವರು ಇದನ್ನು ಮರೆಯುವುದಿಲ್ಲ.

ನ್ಯಾಯಪೀಠದ ಮುಂದೆ ಮೂವರು

ಸರದಾರ ಪದವಿಯವರನ್ನು ವಿಚಾರಿಸುವ ಅಧಿಕಾರ ಆಗ ಲಾರ್ಡ್ಸ್ ಸಭೆಗೆ ಸೇರಿತ್ತು. 1746ರ ಜುಲೈ 28ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಮೂವರನ್ನು ತಂದು ನಿಲ್ಲಿಸಿದರು. ಕಿಲ್ಮಾರ್ನಾಕಿನ ಅರ್ಲ್, ಕ್ರೊಮಾರ್ಟಿಯ ಅರ್ಲ್ ಮತ್ತು ಲಾರ್ಡ್ ಬ್ಯಾಲ್ಮೆರಿನೊ. ಮೊದಲಿನ ಇಬ್ಬರು ತಪ್ಪೊಪ್ಪಿಕೊಂಡರು. ಹುಟ್ಟು ಜಾಕೊಬೈಟನಾದ ಮುದುಕ ಬ್ಯಾಲ್ಮೆರಿನೊ ಒಪ್ಪಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಕಿಲ್ಮಾರ್ನಾಕ್ ಕರುಣೆ ಬೇಡಿದ. ತನ್ನ ತಂದೆ ರಾಜನಿಷ್ಠನಾಗಿದ್ದನೆಂದ. ತನ್ನ ಹಿರಿಯ ಮಗ ಕಲೊಡನ್ನಿನಲ್ಲಿ ದೊರೆಯ ಪರವಾಗಿ ಹೋರಾಡಿದ್ದನ್ನು ನೆನಪಿಸಿದ. ತಾನು ತಪ್ಪಿಸಿಕೊಳ್ಳಬಹುದಾಗಿದ್ದರೂ ತಾನಾಗಿ ಶರಣಾದೆ ಎಂದೂ ಹೇಳಿದ. ಈ ಕೊನೆಯ ಮಾತು ನಿಜವಾಗಿರಲಿಲ್ಲ.

ಆಗಸ್ಟ್ 1ರಂದು ಮೂವರಿಗೂ ಮರಣದಂಡನೆ. ಕ್ರೊಮಾರ್ಟಿಯ ಹೆಂಡತಿ ಇಸಬೆಲ್ಲ ಆಗ ಗರ್ಭಿಣಿ. ಆಕೆ ಅರ್ಜಿ ಹಿಡಿದು ದೊರೆಯ ಕಾಲಿಗೆ ಬಿದ್ದಳು. ಕ್ರೊಮಾರ್ಟಿಯ ಜೀವ ಉಳಿಯಿತು. ಕಿಲ್ಮಾರ್ನಾಕಿನ ಮೇಲೆ ಇನ್ನೊಂದು ಆಪಾದನೆ ಹಬ್ಬಿತ್ತು. ದಂಗೆಯ ಸೈನ್ಯ ಹಿಡಿದಿದ್ದ ಕೈದಿಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದರಲ್ಲಿ ಅವನ ಕೈಯಿತ್ತು ಎಂಬುದು ಅದು. ಕೊನೆಯವರೆಗೂ ಅವನು ಅದನ್ನು ಅಲ್ಲಗಳೆದ. ಕ್ಷಮೆ ಮಾತ್ರ ಸಿಗಲಿಲ್ಲ.

ಬದುಕುವ ಆಸೆ ಹೋದ ಮೇಲೆ ಸುಳ್ಳಿನಿಂದ ಲಾಭವೂ ಇಲ್ಲ, ನಿಜ ಹೇಳಿದರೆ ನಷ್ಟವೂ ಇಲ್ಲ. ಹಾಗಿದ್ದೂ ಅರ್ಲ್ ತಾನಾಗಿ ಒಂದು ಮಾತನ್ನು ತಿದ್ದಿದ. ಕಲೊಡನ್ನಿನಲ್ಲಿ ತಾನು ಶರಣಾಗಲಿಲ್ಲ, ಶತ್ರುಗಳನ್ನು ತನ್ನವರೆಂದು ತಪ್ಪು ತಿಳಿದು ಸಿಕ್ಕಿಬಿದ್ದೆ, ಸಭೆಯಲ್ಲಿ ಹೇಳಿದ್ದು ಸುಳ್ಳು ಎಂದು ಪಾದ್ರಿ ಫಾಸ್ಟರನ ಮುಂದೆ ಒಪ್ಪಿಕೊಂಡ. ಅದು ಅವನು ತೀರಿಸಿದ ಮೊದಲ ಬಾಕಿ.

ಕೊನೆಯ ಪತ್ರಗಳು

ಎರಡನೆಯ ಬಾಕಿ ಎಲ್ಗಿನ್ನಿನ ಬೂಟುಗಳದು. ಆ ಪತ್ರದಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ದಂಗೆಯ ವರ್ಷದಲ್ಲಿ ತನ್ನ ಸೈನಿಕರಿಂದ ಜನರಿಗೆ ಕುದುರೆ ಮುಂತಾದವುಗಳ ನಷ್ಟ ಬಹಳ ಆಗಿದೆ, ಅವೆಲ್ಲ ಬೇರೆಯವರು ಮಾಡಿದ್ದರೊಡನೆ ಕಲಸಿಹೋಗಿವೆ, ಬಿಡಿಸಿ ಲೆಕ್ಕ ಹಾಕುವುದು ಈಗ ಅಸಾಧ್ಯ ಎಂದು ಅವನು ಬರೆಯುತ್ತಾನೆ. ಬೂಟುಗಳ ಲೆಕ್ಕ ಹಾಗಲ್ಲ. ಅದು ತಾನೇ ಹೇಳಿ ಮಾಡಿಸಿದ ಕೆಲಸ. ಎಲ್ಗಿನ್‌ನಲ್ಲಿ ತಾನು ತಂಗಿದ್ದ ಮನೆಯವನಿಗೆ ಬರೆದರೆ ಎಷ್ಟು ಜೊತೆ, ಹಣ ಸೇರಿತೋ ಇಲ್ಲವೋ ಎಂಬ ವಿವರ ಸಿಗುತ್ತದೆ ಎಂದೂ ತಿಳಿಸಿದ. ತೀರಿಸಲಾಗದ್ದನ್ನು ತೀರಿಸಲಾಗದೆಂದು ಒಪ್ಪಿಕೊಂಡು, ತೀರಿಸಬಹುದಾದ್ದಕ್ಕೆ ದಾರಿ ತೋರಿಸಿದ.

ಮೂರನೆಯದು ಮಕ್ಕಳ ವಿಷಯ. ಹಿರಿಯ ಮಗ ಜೇಮ್ಸನಿಗೆ ಬರೆದ ಪತ್ರದಲ್ಲಿ, ಯೌವನದಲ್ಲೇ ದೇವರನ್ನು ನೆನೆ, ಈಗಿನ ದೊರೆಗೆ ನಿಷ್ಠನಾಗಿಯೇ ಇರು ಎಂದು ಹೇಳಿದ. ತಾನು ಹಿಡಿದ ದಾರಿಯನ್ನು ಹಿಡಿಯದ ಮಗನಿಗೆ ತಂದೆ ಕೊಟ್ಟ ಒಪ್ಪಿಗೆ ಅದು. ತಾಯಿಯನ್ನು ಸಮಾಧಾನಪಡಿಸು ಎಂದ. ದಂಗೆಯಲ್ಲಿ ಸೇರಿ ತಲೆಮರೆಸಿಕೊಂಡಿದ್ದ ತಮ್ಮ ಚಾರ್ಲ್ಸನಿಗೆ ಕ್ಷಮೆ ಕೊಡಿಸಿ ಮನೆಗೆ ಕರೆತರಲು ಕೈಲಾದುದೆಲ್ಲ ಮಾಡು, ಪರದೇಶದ ಸೇವೆಗೆ ಸೇರದಂತೆ ನೋಡಿಕೋ ಎಂದ. ಎದುರಾಳಿ ಸೈನ್ಯಗಳಲ್ಲಿದ್ದ ಅಣ್ಣತಮ್ಮಂದಿರನ್ನು ಮತ್ತೆ ಒಂದು ಮನೆಯವರನ್ನಾಗಿ ಮಾಡುವ ಕೆಲಸವನ್ನು ಆ ಕಾಗದದ ಮೂಲಕ ಹಿರಿಯವನಿಗೆ ಒಪ್ಪಿಸಿದ.

ಆಗಸ್ಟ್ 18ರಂದು ಟವರ್ ಹಿಲ್ ಎಂಬ ದಿಬ್ಬದಲ್ಲಿ ಶಿಕ್ಷೆ ಜಾರಿಯಾಯಿತು. ಹೊರಡುವ ಮುನ್ನ ಬ್ಯಾಲ್ಮೆರಿನೊ ಕಿಲ್ಮಾರ್ನಾಕನನ್ನು ಭೇಟಿಯಾಗಿ, ಇಬ್ಬರ ಲೆಕ್ಕವನ್ನೂ ತಾನೊಬ್ಬನೇ ತೀರಿಸುವಂತಿದ್ದರೆ ಚೆನ್ನಾಗಿತ್ತು ಎಂದನಂತೆ. ಕಪ್ಪು ಉಡುಪು ತೊಟ್ಟು ಶಾಂತವಾಗಿ ನಿಂತ ಕಿಲ್ಮಾರ್ನಾಕನನ್ನು ಕಂಡು ಶಿಕ್ಷೆ ಜಾರಿ ಮಾಡಬೇಕಾದವನೇ ಧೈರ್ಯಗುಂದಿ ಕಣ್ಣೀರಿಟ್ಟ. ಕಿಲ್ಮಾರ್ನಾಕನಿಗೆ ಆಗ 41 ವರ್ಷ. ಟವರಿನೊಳಗಿನ ಸೇಂಟ್ ಪೀಟರ್ ಇಗರ್ಜಿಯಲ್ಲಿ ಅವನನ್ನು ಹೂಳಿದರು. ಈ ದಂಗೆಗಾಗಿ ಮರಣದಂಡನೆಗೆ ಒಳಗಾದವರು ಸುಮಾರು 120 ಮಂದಿ. ಅವರಲ್ಲಿ ಬಹಳಷ್ಟು ಜನರ ಕೊನೆಯ ಮಾತನ್ನು ಯಾರೂ ಬರೆದಿಡಲಿಲ್ಲ.

ಉಳಿದವರ ಕಥೆ

ಲೇಡಿ ಆ್ಯನ್ ಗಂಡ ಹೋದ ಮರುವರ್ಷವೇ, 1747ರಲ್ಲಿ, ಕಿಲ್ಮಾರ್ನಾಕಿನಲ್ಲಿ ತೀರಿಕೊಂಡಳು. ಆಕೆ ಒಂಟಿಯಾಗಿ ಅಡ್ಡಾಡುತ್ತಿದ್ದ ಮರಗಳ ಸಾಲಿನ ದಾರಿಗೆ ಊರಿನವರು ಲೇಡಿಯ ನಡಿಗೆಯ ಹಾದಿ ಎಂದೇ ಕರೆದರು. ಮೂವತ್ತು ವರ್ಷಗಳಲ್ಲಿ ಎರಡು ದಂಗೆ, ಒಂದರಲ್ಲಿ ತಂದೆ, ಇನ್ನೊಂದರಲ್ಲಿ ಗಂಡ.

ಚಾರ್ಲ್ಸ್ ಅರಾನ್ ದ್ವೀಪದಲ್ಲಿ ಸುಮಾರು ಒಂದು ವರ್ಷ ಅಡಗಿದ್ದ. ಅಲ್ಲಿ ಅವನಿಗೆ ವೈದ್ಯನೊಬ್ಬ ಬಿಟ್ಟುಹೋಗಿದ್ದ ಪುಸ್ತಕಗಳ ಪೆಟ್ಟಿಗೆ ಸಿಕ್ಕಿತು. ಹೊರಗೆ ಹೋಗುವಂತಿಲ್ಲ, ಮಾಡಲು ಕೆಲಸವಿಲ್ಲ. ಆತ ಆ ವೈದ್ಯಶಾಸ್ತ್ರದ ಪುಸ್ತಕಗಳನ್ನು ಶ್ರದ್ಧೆಯಿಂದ ಓದಿದ. ಬರಬರುತ್ತ ದ್ವೀಪದ ಬಡವರು ಕಾಯಿಲೆ ಕಸಾಲೆಗೆ ಅವನನ್ನೇ ಕೇಳತೊಡಗಿದರು. ಆಮೇಲೆ ಫ್ರಾನ್ಸಿಗೆ ಪಾರಾಗಿ, ಸುಮಾರು ಇಪ್ಪತ್ತು ವರ್ಷ ಯೂರೋಪಿನಲ್ಲಿದ್ದು, ಫ್ರೆಂಚ್ ಹೆಣ್ಣನ್ನು ಮದುವೆಯಾಗಿ ಸ್ಕಾಟ್ಲೆಂಡಿಗೆ ಮರಳಿದ. ಓದಲು ಅನುಕೂಲವಿಲ್ಲ ಎಂದು ಕೊರಗುವ ವಿದ್ಯಾರ್ಥಿಗಳು ಈ ಪೆಟ್ಟಿಗೆಯನ್ನು ನೆನಪಿಟ್ಟುಕೊಳ್ಳಬಹುದು.

ಜೇಮ್ಸನಿಗೆ ತಂದೆಯ ಪದವಿ ಬರಲಿಲ್ಲ, ಸರ್ಕಾರ ಅದನ್ನು ರದ್ದು ಮಾಡಿತ್ತು. ಜಮೀನನ್ನು ಮಾತ್ರ ತಂದೆ 1732ರಲ್ಲೇ ಮಗನ ಹೆಸರಿಗೆ ಮಾಡಿಸಿದ್ದ. ಅದರ ಆಧಾರದ ಮೇಲೆ ಜೇಮ್ಸ್ ವ್ಯಾಜ್ಯ ಹೂಡಿ ಕಿಲ್ಮಾರ್ನಾಕಿನ ಜಮೀನು ಬಿಡಿಸಿಕೊಂಡ, ಬಳಿಕ ಅದನ್ನು ಮಾರಿದ. 1758ರಲ್ಲಿ ತಾಯಿಯ ಚಿಕ್ಕಮ್ಮ ದೊಡ್ಡಮ್ಮಂದಿರ ಸಾಲಿನಲ್ಲಿದ್ದ ಎರಲ್ ಸೀಮೆಯ ಕೌಂಟೆಸ್ ಮೇರಿ ಮಕ್ಕಳಿಲ್ಲದೆ ತೀರಿಕೊಂಡಾಗ ಆ ಪದವಿ ಅವನಿಗೆ ಬಂತು. ಬಾಯ್ಡ್ ಎಂಬ ಹೆಸರನ್ನು ಬಿಟ್ಟು ಹೇ ಎಂಬ ಮನೆತನದ ಹೆಸರಿಟ್ಟುಕೊಂಡು ಆತ ಎರಲ್ಲಿನ ಅರ್ಲ್ ಆದ.

1761ರ ಸೆಪ್ಟೆಂಬರ್ 22ರಂದು ಮೂರನೆಯ ಜಾರ್ಜನ ಪಟ್ಟಾಭಿಷೇಕ. ಎರಲ್ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಸ್ಕಾಟ್ಲೆಂಡಿನ ಮಹಾ ಕಾನ್‌ಸ್ಟೆಬಲ್ ಎಂಬ ಪದವಿಯಿಂದಾಗಿ ಜೇಮ್ಸನಿಗೆ ಅಲ್ಲಿ ದೊಡ್ಡ ಸ್ಥಾನ. ಔತಣ ನಡೆದದ್ದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ. ಹದಿನೈದು ವರ್ಷಗಳ ಹಿಂದೆ ಅವನ ತಂದೆಗೆ ಮರಣದಂಡನೆ ವಿಧಿಸಿದ ಹಾಲು ಅದೇ. ಎರಡೂ ಸಂದರ್ಭಗಳಲ್ಲಿ ಹಾಜರಿದ್ದ ಹೊರೇಸ್ ವಾಲ್‌ಪೋಲ್, ಆರಡಿ ಮೀರಿದ ಜೇಮ್ಸನ ಭವ್ಯ ನಿಲುವನ್ನು ಮೆಚ್ಚಿ ಬರೆಯುವಾಗ ಅದನ್ನು ನೆನೆಯದೆ ಇರಲಿಲ್ಲ. ಅಂದು ದೊರೆ ಬಂದಾಗ ಜೇಮ್ಸ್ ಟೋಪಿ ತೆಗೆಯಲು ಮರೆತನಂತೆ. ತಪ್ಪಾಯಿತೆಂದು ಹೇಳಲು ಹೋದರೆ, ಇರಲಿ, ಹಾಕಿಕೊಂಡೇ ಇರಿ, ನೀವು ಇಲ್ಲಿಗೆ ಬಂದದ್ದೇ ನನಗೆ ಗೌರವ ಎಂದು ದೊರೆ ಹೇಳಿದನಂತೆ.

ತಂದೆಯ ಕೊನೆಯ ಪತ್ರದ ಮಾತು ನಡೆಯಿತೇ ಎಂದು ಕೇಳಬಹುದು. 1773ರಲ್ಲಿ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವನ ಸ್ನೇಹಿತ ಬಾಸ್ವೆಲ್ ಸ್ಕಾಟ್ಲೆಂಡಿನ ಪ್ರವಾಸದಲ್ಲಿ ಸಮುದ್ರದ ಅಂಚಿನ ಸ್ಲೇನ್ಸ್ ಕೋಟೆಗೆ ಹೋದರು. ಅದು ಜೇಮ್ಸನ ಮನೆ. ಅತಿಥಿಗಳನ್ನು ಸ್ವಾಗತಿಸಿ ಉಪಚರಿಸಿದವನು ಅವನ ತಮ್ಮ ಚಾರ್ಲ್ಸ್. ಕಲೊಡನ್ನಿನಲ್ಲಿ ಎದುರುಬದುರಾಗಿದ್ದ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಆ ರಾತ್ರಿ ಬಾಸ್ವೆಲ್‌ಗೆ ಸರಿಯಾಗಿ ನಿದ್ದೆ ಬರಲಿಲ್ಲ. ಶಿರಚ್ಛೇದಕ್ಕೆ ಒಳಗಾದ ಕಿಲ್ಮಾರ್ನಾಕ್ ಕಣ್ಣ ಮುಂದೆ ಬಂದು ಮನಸ್ಸು ಮಂಕಾಯಿತು ಎಂದು ಆತ ದಾಖಲಿಸಿದ್ದಾನೆ.

ಶ್ರೀರಂಗಪಟ್ಟಣದವರೆಗೆ

ಈ ಕಥೆಯ ಒಂದು ಎಳೆ ನಮ್ಮ ನಾಡಿಗೂ ಬರುತ್ತದೆ. ಕಿಲ್ಮಾರ್ನಾಕನೊಡನೆ ಶಿಕ್ಷೆಗೊಳಗಾಗಿ ಜೀವ ಉಳಿಸಿಕೊಂಡ ಕ್ರೊಮಾರ್ಟಿಯ ಅರ್ಲನ ಹಿರಿಯ ಮಗ ಲಾರ್ಡ್ ಮೆಕ್ಲೌಡ್ ಕೂಡ ದಂಗೆಯಲ್ಲಿದ್ದವನು. ಕ್ಷಮೆ ಪಡೆದು, ಸ್ವೀಡನ್ ದೇಶದ ಸೈನ್ಯದಲ್ಲಿ ಹಲವು ವರ್ಷ ದುಡಿದು ಮರಳಿದ. ಕಳೆದುಕೊಂಡ ರಾಜವಿಶ್ವಾಸ ಗಳಿಸಲು 1777ರಲ್ಲಿ ಬೆಟ್ಟಸೀಮೆಯ ಜನರ ಪಡೆಯೊಂದನ್ನು ಕಟ್ಟಿದ. ಆ ಪಡೆ 1780ರಲ್ಲಿ ಮದ್ರಾಸಿಗೆ ಬಂದಿಳಿಯಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ತುಕಡಿಯನ್ನು ಸದೆಬಡಿದಾಗ ಮೆಕ್ಲೌಡನ ಪಡೆಯ ಎರಡು ಕಂಪನಿಗಳು ಅದರಲ್ಲಿದ್ದವು. ಆ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರಲ್ಲಿ ಅದೇ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ಶಾಲೆಯ ಪ್ರವಾಸದಲ್ಲಿ ದರಿಯಾ ದೌಲತ್ ನೋಡಿದವರು ಗೋಡೆಯ ಮೇಲೆ ಪೊಲ್ಲಿಲೂರಿನ ಕದನದ ಚಿತ್ರ ಕಂಡಿರುತ್ತಾರೆ. ಮೆಕ್ಲೌಡ್ ಮನೆತನದ ಜಮೀನು 1784ರಲ್ಲಿ ಅವನ ಕೈಗೆ ಮರಳಿತು. ಕಲೊಡನ್ನಿನಲ್ಲಿ ಸೋತವರ ಮಕ್ಕಳು ಕಳೆದುಹೋದ ಹೆಸರನ್ನು ಸಂಪಾದಿಸಲು ಬಂದದ್ದು ನಮ್ಮವರ ಮೇಲಿನ ಯುದ್ಧಕ್ಕೆ!

ಬಿಟ್ಟುಹೋಗುವುದು ಏನನ್ನು?

ಕಿಲ್ಮಾರ್ನಾಕ್ ಎಂಬ ಹೆಸರು 1831ರಲ್ಲಿ ಎರಲ್ಲಿನ ಅರ್ಲನಿಗೆ ಬ್ಯಾರನ್ ಪದವಿಯಾಗಿ ಮರಳಿತು. 1941ರಲ್ಲಿ ಆ ಪದವಿಗೆ ಬಂದವನು ಬಾಯ್ಡ್ ಎಂಬ ಮನೆತನದ ಹೆಸರನ್ನೂ ಮತ್ತೆ ಇಟ್ಟುಕೊಂಡ. ಸುಟ್ಟುಹೋಗಿದ್ದ ಡೀನ್ ಕೋಟೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಮನೆತನದವರು ಜೀರ್ಣೋದ್ಧಾರ ಮಾಡಿಸಿ, 1975ರಲ್ಲಿ ಕಿಲ್ಮಾರ್ನಾಕಿನ ಜನರಿಗೇ ಕೊಟ್ಟರು.

ವಿಲಿಯಂ ಬಾಯ್ಡ್ ಮಹಾಪುರುಷನಲ್ಲ. ಆದರ್ಶಕ್ಕಾಗಿ ಸತ್ತವನೂ ಅಲ್ಲ, ಆ ಮಾತು ಬ್ಯಾಲ್ಮೆರಿನೊನಿಗೆ ಸಲ್ಲುತ್ತದೆ. ಲೆಕ್ಕ ನೋಡಲು ಹೆದರಿದವನು ಹೇಗೆ ಹೆಜ್ಜೆ ಹೆಜ್ಜೆಯಾಗಿ ದೊಡ್ಡ ತಪ್ಪಿಗೆ ಇಳಿಯುತ್ತಾನೆ ಎಂಬುದಕ್ಕೆ ಅವನ ನಲವತ್ತು ವರ್ಷ ಸಾಕ್ಷಿ. ಆದರೆ ಕೊನೆಯ ಕೆಲವು ದಿನಗಳಲ್ಲಿ ಅವನು ಕೂತು ಲೆಕ್ಕ ನೋಡಿದ. ಆಡಿದ ಸುಳ್ಳನ್ನು ಹಿಂತೆಗೆದುಕೊಂಡ. ಮಗ ತನಗಿಂತ ಸರಿಯಾದ ದಾರಿಯಲ್ಲಿದ್ದಾನೆ ಎಂದು ಮಗನಿಗೇ ಬರೆದು ತಿಳಿಸಿದ. ಹೆಸರೂ ಗೊತ್ತಿಲ್ಲದ ಬೂಟು ಹೊಲಿಯುವವರ ಕೂಲಿಯನ್ನು ನೆನಪಿಟ್ಟ.

ತಂದೆತಾಯಿಗಳು ಮಕ್ಕಳಿಗೆ ಎಷ್ಟು ಆಸ್ತಿ ಮಾಡಿದರು ಎಂಬ ಮಾತು ಎಲ್ಲ ಕಡೆ ನಡೆಯುತ್ತದೆ. ತಪ್ಪನ್ನು ತಪ್ಪೆಂದು ಮಕ್ಕಳ ಮುಂದೆ ಒಪ್ಪಿಕೊಂಡರೇ, ದುಡಿದವನ ಕೂಲಿ ಉಳಿಸಿಕೊಳ್ಳದೆ ಕೊಟ್ಟರೇ ಎಂಬುದನ್ನು ಮಕ್ಕಳು ಮನೆಯಲ್ಲಿ ದಿನವೂ ನೋಡುತ್ತಿರುತ್ತಾರೆ. ಅದಕ್ಕೆ ಸೆರೆಮನೆಯೂ ಬೇಡ, ಕೊನೆಯ ಪತ್ರವೂ ಬೇಡ. ತಿಂಗಳ ಕೊನೆಯಲ್ಲಿ ಹಾಲಿನವನಿಗೆ, ಕಿರಾಣಿ ಅಂಗಡಿಯವನಿಗೆ, ಬಟ್ಟೆ ಹೊಲಿಯುವವನಿಗೆ ಕೊಡಬೇಕಾದ್ದನ್ನು ಅವತ್ತೇ ಕೊಟ್ಟರೆ ಸಾಕು.